ಬೂದಿಸೀಮೆಯ ಸಂತೆ

ಸುಮಾತ್ರಾ ದ್ವೀಪದ ಸಿನಾಬುಂಗ್ ಬೆಟ್ಟದ ಮಾತು ಎತ್ತಿದಾಗಲೆಲ್ಲ ಕೇಳಿದವರು ಒಂದೇ ಪ್ರಶ್ನೆ ಹಾಕುತ್ತಾರೆ: ‘ಬೆಂಕಿ ಕಾರುವ ಬೆಟ್ಟದ ಬುಡದಲ್ಲಿ ಆ ಜನ ಯಾಕೆ ಇರಬೇಕು? ಬೇರೆಲ್ಲಾದರೂ ಹೋಗಬಾರದೆ?’ ಕೇಳುವವರ ದನಿಯಲ್ಲಿ ಕಾಳಜಿಯೇ ಇರುತ್ತದೆ. ಆದರೂ ಆ ಪ್ರಶ್ನೆ ಈಗೀಗ ನನ್ನ ಮನಸ್ಸಿಗೆ ಚುಚ್ಚುತ್ತದೆ. ಅಲ್ಲಿರುವವರಿಗೆ ತಿಳಿವಳಿಕೆ ಸಾಲದು ಎಂಬ ತೀರ್ಮಾನ ಅದರೊಳಗೆ ಮೊದಲೇ ಕೂತಿರುತ್ತದೆ. ಆ ಬೆಟ್ಟವಿರುವ ಕಾರೊ ಮಲೆಸೀಮೆಯ ಸಂತೆಯಲ್ಲಿ ಒಂದು ಬೆಳಗ್ಗೆ ನಿಂತು ನೋಡಿದವರು ಆ ಪ್ರಶ್ನೆಯನ್ನು ಹಾಗೆ ಕೇಳಲಾರರು ಎಂದು ನನಗೆ ಅನ್ನಿಸುತ್ತದೆ.

ಬೆಟ್ಟದ ವಿಷಯ ಮೊದಲು ಹೇಳಿಬಿಡುತ್ತೇನೆ. ಸಿನಾಬುಂಗ್ ಸುಮಾರು 2,460 ಮೀಟರ್ ಎತ್ತರ. ಇಂಡೋನೇಷ್ಯಾದಲ್ಲಿ 1600ರಿಂದೀಚೆಗೆ ಸಿಡಿದ ಜ್ವಾಲಾಮುಖಿಗಳನ್ನು ‘ಎ’ ವರ್ಗಕ್ಕೆ, ಅದಕ್ಕೂ ಹಿಂದೆಯೇ ಸುಮ್ಮನಾದವನ್ನು ‘ಬಿ’ ವರ್ಗಕ್ಕೆ ಸೇರಿಸುತ್ತಾರೆ. ಸಿನಾಬುಂಗ್ ‘ಬಿ’ಯಲ್ಲಿತ್ತು. ಅದು ಸಿಡಿದದ್ದನ್ನು ಕಂಡ ನೆನಪು ಯಾವ ಮನೆತನದಲ್ಲೂ ಇರಲಿಲ್ಲ. ಹೀಗಾಗಿ ಅದರ ಮೈಮೇಲೆ ಸದಾ ಕಣ್ಣಿಡುವ ಏರ್ಪಾಡೂ ಇರಲಿಲ್ಲ. 2010ರ ಆಗಸ್ಟಿನಲ್ಲಿ ಬೆಟ್ಟ ಎದ್ದಿತು, ಸ್ವಲ್ಪ ದಿನ ಹೊಗೆಯಾಡಿ ತಣ್ಣಗಾಯಿತು. 2013ರ ಸೆಪ್ಟೆಂಬರಿನಲ್ಲಿ ಮತ್ತೆ ಶುರುವಾದದ್ದು ವರ್ಷಗಟ್ಟಲೆ ನಿಲ್ಲಲಿಲ್ಲ. 2014ರ ಫೆಬ್ರವರಿ 1ರಂದು ಇಳಿಜಾರಿನಲ್ಲಿ ಧುಮ್ಮಿಕ್ಕಿದ ಬಿಸಿಬೂದಿಯ ಮೋಡ ಸುಕಮೆರಿಯಾ ಎಂಬ ಹಳ್ಳಿಯ ಬಳಿ 15ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2016ರ ಮೇ ತಿಂಗಳಲ್ಲಿ ಗಾಂಬರ್ ಹಳ್ಳಿಯಲ್ಲಿ ಏಳು ಜನ ಸತ್ತರು. ಆ ಏಳು ಜನ ಇದ್ದದ್ದು ಯಾರೂ ಕಾಲಿಡಬಾರದು ಎಂದು ಸರ್ಕಾರ ಗೆರೆ ಎಳೆದ ಜಾಗದಲ್ಲಿ. ಹೊಲದ ಕೆಲಸ ಬಿಡಲಾಗದೆ ಒಳಗೆ ಹೋಗುವವರು ಅಲ್ಲಿ ಯಾವಾಗಲೂ ಇದ್ದರು.

ಈ ಹೊಲದ ಕೆಲಸ ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನಾನು ಹಾಸನದ ಕಡೆಯವಳು. ಆಲೂಗೆಡ್ಡೆ ಬಿತ್ತಿದ ಮನೆಯಲ್ಲಿ ಮಳೆ ಜಾಸ್ತಿಯಾದರೆ ರಾತ್ರಿ ಯಾರಿಗೂ ನಿದ್ದೆ ಹತ್ತುವುದಿಲ್ಲ. ಬೆಳೆ ನಿಂತ ಹೊಲವನ್ನು ನೋಡದೆ ನಾಲ್ಕು ದಿನ ಇರು ಎಂದರೆ ಇರುವುದು ಎಷ್ಟು ಕಷ್ಟವೆಂದು ಹಾಗೆ ಬೆಳೆದವರಿಗೆ ಗೊತ್ತು.

ಕಾರೊ ಸೀಮೆಗೆ ಹೋಗುವುದು ಮೇಡಾನ್ ನಗರದಿಂದ. ನನ್ನ ಕಾರಿನ ಚಾಲಕ ಮೇಡಾನ್‌ನಲ್ಲೇ ಹುಟ್ಟಿ ಬೆಳೆದ ತಮಿಳು ಮನೆತನದವನು. ಡಚ್ಚರ ಕಾಲದಲ್ಲಿ ಡೆಲಿ ಬಯಲಿನ ಹೊಗೆಸೊಪ್ಪಿನ ತೋಟಗಳಿಗೆ ಕೂಲಿಗಳಾಗಿ ಹಡಗು ಹತ್ತಿ ಬಂದ ತಮಿಳರ ಮೊಮ್ಮಕ್ಕಳು ಮರಿಮಕ್ಕಳು ಆ ಊರಲ್ಲಿ ಇನ್ನೂ ಇದ್ದಾರೆ. ಅವರು 1884ರಲ್ಲಿ ಕಟ್ಟಿಕೊಂಡ ಮಾರಿಯಮ್ಮನ ಗುಡಿ ಪೇಟೆಯ ನಡುವೆ ಬಣ್ಣಬಣ್ಣದ ಗೋಪುರ ಹೊತ್ತು ನಿಂತಿದೆ. ಬೆಂಗಳೂರಿನ ವಠಾರದಲ್ಲಿ ಕಲಿತ ನನ್ನ ತಮಿಳೂ ಮೂರು ತಲೆಮಾರು ಸಮುದ್ರದಾಚೆ ಉಳಿದ ಅವನ ತಮಿಳೂ ಮೊದಲ ಅರ್ಧ ಗಂಟೆ ಎಡವಿ ಆಮೇಲೆ ಹೊಂದಿಕೊಂಡವು. ಅವನು ನನ್ನನ್ನು ‘ಅಕ್ಕಾ’ ಎಂದ, ನಾನು ‘ತಂಬಿ’ ಎಂದೆ. ಆಮೇಲಿನ ಪ್ರಯಾಣದಲ್ಲಿ ನನಗೆ ತಿಳಿದದ್ದೆಲ್ಲ ಅವನ ಬಾಯಿಂದ ಹಾದು ಬಂದದ್ದು.

ನಾನು ಹೊರಟಿದ್ದ ಸಂತೆಯ ಊರು ಬೆರಸ್ತಾಗಿ, ಮೇಡಾನ್‌ನಿಂದ ಅರವತ್ತೈದು ಕಿಲೋಮೀಟರಿನಷ್ಟು ದೂರ. ಬಯಲಿನ ಸೆಕೆಯಲ್ಲಿ ಹೊರಟ ರಸ್ತೆ ಸಿಬೊಲಾಂಗಿತ್ ದಾಟಿದ ಮೇಲೆ ಬುಕಿತ್ ಬಾರಿಸಾನ್ ಬೆಟ್ಟಸಾಲನ್ನು ಹತ್ತುತ್ತದೆ. ತಿರುವಿನ ಮೇಲೆ ತಿರುವು, ಎದುರಿನಿಂದ ಕೋಸು ತುಂಬಿದ ಲಾರಿಗಳು, ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುವ ಕಾಡು. ಪೆನತಾಪನ್ ಎಂಬಲ್ಲಿ ರಸ್ತೆಯಂಚಿಗೆ ಮುಸುಕಿನ ಜೋಳ ಸುಡುವ ಅಂಗಡಿಗಳ ಸಾಲು. ಅಲ್ಲಿಗೆ ಬಂದಾಗ ಹೆಗಲಿಗೆ ಶಾಲು ಬೇಕೆನ್ನಿಸುತ್ತದೆ. ಬೆರಸ್ತಾಗಿ ಇರುವುದು ಸುಮಾರು 1,300 ಮೀಟರ್ ಎತ್ತರದಲ್ಲಿ.

ಈ ಘಾಟಿಗೆ ರಸ್ತೆ ಬರುವ ಮೊದಲು ಕಾಲುದಾರಿ ಇತ್ತು. ಕರಾವಳಿಯಿಂದ ಉಪ್ಪು ಹೊತ್ತು ಮೇಲೆ ತರುವ ಆಳುಗಳಿದ್ದರು. ಕಾರೊ ಜನ ಅವರನ್ನು ‘ಪೆರ್ಲಾಂಜ ಸಿರ’ ಎಂದು ಈಗಲೂ ನೆನೆಯುತ್ತಾರೆ. ಮೇಲಿನ ಮಣ್ಣು ಏನನ್ನಾದರೂ ಬೆಳೆದುಕೊಟ್ಟೀತು, ಉಪ್ಪನ್ನು ಮಾತ್ರ ಕೊಡದು. ಕಾಡುದಾರಿಯಲ್ಲಿ ಬೆನ್ನ ಮೇಲೆ ಉಪ್ಪಿನ ಹೊರೆ ಹತ್ತಿತು, ಬೆಟ್ಟದ ಸರಕು ಕೆಳಗಿಳಿಯಿತು. ನಾನು ನೋಡಿದ ಸಂತೆಯ ಅಡಿಪಾಯ ಇದು.

ಬೆರಸ್ತಾಗಿಯಲ್ಲಿ ಹೊರಗಿನವರು ಹೋಗುವುದು ಹಣ್ಣಿನ ಪೇಟೆಗೆ. ಅದು ನಿಜಕ್ಕೂ ನೋಡುವಂಥದ್ದೇ. ಮಾರ್ಕಿಸಾ ಎಂದು ಅವರು ಕರೆಯುವ ಪ್ಯಾಶನ್ ಹಣ್ಣಿನ ರಾಶಿ. ಬದನೆಯ ಕುಲಕ್ಕೆ ಸೇರಿದ, ಕೆಂಪು ಮೊಟ್ಟೆಯಾಕಾರದ ಹುಳಿ ಹಣ್ಣು ‘ತೆರೊಂಗ್ ಬೆಲಾಂಡ’. ಈ ಎರಡನ್ನೂ ಸೇರಿಸಿ ಹಿಂಡಿದ ಪಾನಕಕ್ಕೆ ‘ಮಾರ್ತಾಬೆ’ ಎಂದು ಹೆಸರು. ಕೆಸೆಮೆಕ್ ಎಂಬ ಹಣ್ಣುಗಳ ಮೈಮೇಲೆ ಬಿಳಿ ಪುಡಿ ಬಳಿದಿತ್ತು. ಒಗರು ಹೋಗಲೆಂದು ಸುಣ್ಣದ ನೀರಿನಲ್ಲಿ ಇಟ್ಟು ತೆಗೆದರೆ ಹಾಗಾಗುತ್ತದಂತೆ. ಬಲೆಚೀಲದಲ್ಲಿ ಕಾರೊ ಕಿತ್ತಳೆ, ಹಾವಿನ ಚರ್ಮದಂಥ ಸಿಪ್ಪೆಯ ಸಲಾಕ್, ಪಕ್ಕದಲ್ಲೇ ಹೂಗಿಡಗಳ ಸಾಲು. ಎಲ್ಲವನ್ನೂ ಒಂದು ತುಂಡು ಕತ್ತರಿಸಿ ಕೈಗಿಟ್ಟು ರುಚಿ ನೋಡಿ ಎನ್ನುತ್ತಾರೆ. ಕೊಳ್ಳದಿದ್ದರೆ ಮುಖ ಸಿಂಡರಿಸುವುದಿಲ್ಲ.

ಆದರೆ ನನ್ನ ಮನಸ್ಸು ನೆಟ್ಟದ್ದು ಊರವರ ಸಂತೆಯಲ್ಲಿ, ತರಕಾರಿಯ ಕಡೆ. ಬೆಳಕು ಹರಿಯುವ ಮೊದಲೇ ಅಲ್ಲಿ ಜನ. ಪಿಕಪ್ ಗಾಡಿಗಳಿಂದ ಕೋಸನ್ನು ಒಬ್ಬ ಎಸೆಯುತ್ತಾನೆ, ಕೆಳಗೆ ಇನ್ನೊಬ್ಬ ಹಿಡಿಯುತ್ತಾನೆ. ಇಬ್ಬರ ಕೈಗಳ ನಡುವೆ ಕೋಸುಗಳು ಹಾರುತ್ತಲೇ ಇರುತ್ತವೆ, ಒಂದೂ ನೆಲಕ್ಕೆ ಬೀಳದು. ತೊಳೆದ ಕ್ಯಾರೆಟ್ ದೀಪದ ಬೆಳಕಿಗೆ ಹೊಳೆಯುತ್ತದೆ. ಲೀಕ್ ಎಂಬ ದಪ್ಪ ಈರುಳ್ಳಿ ಸೊಪ್ಪಿನ ಕಟ್ಟು, ಹೂಕೋಸು, ಸೀಮೆಬದನೆ, ಬಟಾಣಿ, ಹಸಿಮೆಣಸಿನ ಮೂಟೆ. ಈ ಬೆಳೆಗಳಲ್ಲಿ ಬಹಳಷ್ಟು ಡಚ್ಚರ ಕಾಲದಲ್ಲಿ ಇಲ್ಲಿ ಬೇರೂರಿದವು. ಆಮೇಲೆ ಬೆರಸ್ತಾಗಿಯ ಕೋಸು ಆಲೂಗೆಡ್ಡೆಗಳು ಜಲಸಂಧಿ ದಾಟಿ ಪಿನಾಂಗ್, ಸಿಂಗಪುರಗಳ ಅಡುಗೆಮನೆ ಸೇರಿದವು. ಊರಿನಲ್ಲಿ ಕೋಸಿಗೆ ಒಂದು ಸ್ಮಾರಕವನ್ನೇ ಕಟ್ಟಿದ್ದಾರೆ. ದೊಡ್ಡ ಕೋಸನ್ನು ಎತ್ತರದಲ್ಲಿಟ್ಟು ನಿಲ್ಲಿಸಿದ ಆ ಕಂಬವನ್ನು ಕಂಡು ಪ್ರವಾಸಿಗರು ನಗುತ್ತಾರೆ. ನನಗೆ ನಗು ಬರಲಿಲ್ಲ. ರಾಜರಿಗೂ ಸೇನಾಪತಿಗಳಿಗೂ ಪ್ರತಿಮೆ ಇಡುವ ಲೋಕದಲ್ಲಿ ತನ್ನ ಅನ್ನಕ್ಕೆ ಕಾರಣವಾದ ತರಕಾರಿಯನ್ನು ನಡುಬೀದಿಯಲ್ಲಿ ಗೌರವಿಸುವ ಊರು ನನಗೆ ದೊಡ್ಡದಾಗಿ ಕಂಡಿತು.

ಮಾರುವವರಲ್ಲಿ ಹೆಂಗಸರೇ ಹೆಚ್ಚು. ವಯಸ್ಸಾದವರ ತಲೆಗೆ ಸುತ್ತಿದ ಬಟ್ಟೆ, ಬಾಯಲ್ಲಿ ಎಲೆಅಡಿಕೆ. ವೀಳ್ಯದೆಲೆ, ಅಡಿಕೆ, ಸುಣ್ಣ, ಗ್ಯಾಂಬಿಯರ್ ಎಂಬ ಎಲೆಯ ಸಾರ, ಕೊನೆಗೆ ತುಟಿ ಒರೆಸಲು ಒಂದು ಚಿಟಿಕೆ ಹೊಗೆಸೊಪ್ಪು. ಮೊಳಕೈಯಷ್ಟು ಎತ್ತರದ ಮಣೆಯ ಮೇಲೆ ಆಲೂಗೆಡ್ಡೆ ಹರಡಿಕೊಂಡು ಕೂತಿದ್ದ ಒಬ್ಬಾಕೆಯ ಎದುರು ನಾನು ನಿಂತೆ. ತಂಬಿ ಆಕೆಯನ್ನು ‘ನಂದೆ’ ಎಂದು, ತಾಯಿ ಎಂದು, ಕರೆದ. ಗೆಡ್ಡೆಗಳಿಗೆ ಅಂಟಿದ್ದ ಮಣ್ಣು ಕಾಫಿಪುಡಿಯಷ್ಟು ಕಪ್ಪಗೆ, ಅಷ್ಟೇ ಹಗುರ. ಬೆರಳಿನಿಂದ ಉಜ್ಜಿದರೆ ಉದುರಿಹೋಗುತ್ತಿತ್ತು. ನಾನು ಗೆಡ್ಡೆಗಿಂತ ಮಣ್ಣನ್ನೇ ನೋಡುತ್ತಿರುವುದು ಆಕೆಯ ಗಮನಕ್ಕೆ ಬಂತು.

‘ಇವಳೂ ಬೆಳೆಯುವವಳೇನು?’ ಎಂದು ಆಕೆ ತಂಬಿಯನ್ನು ಕೇಳಿದಳು. ‘ಅವರ ಊರಲ್ಲಿ ಬೆಳೀತಾರಂತೆ’ ಎಂದ. ಅಲ್ಲಿಂದ ಮಾತಿನ ದಾರಿ ತೆರೆಯಿತು.

ಬೂದಿ ಬಿದ್ದ ದಿನಗಳ ಬಗ್ಗೆ ಆಕೆ ಹೇಳಿದ್ದನ್ನು ನಾನು ಬೇರೆಲ್ಲೂ ಓದಿರಲಿಲ್ಲ. ಬೂದಿ ಮೊದಲು ಬೀಳುವುದು ಹೊಲದ ಮೇಲೆ, ಆಮೇಲೆ ಬೆಲೆಯ ಮೇಲೆ ಎಂದಳು. ಕೋಸಿನ ಪದರ ಪದರದೊಳಗೆ ಬೂದಿ ಹೊಕ್ಕು ಕೂತಿರುತ್ತಿತ್ತು. ಹೊರಗಿನ ಎಲೆ ಕಿತ್ತು, ನೀರಿನಲ್ಲಿ ಅದ್ದಿ, ಮತ್ತೊಂದು ಸುತ್ತು ಎಲೆ ಕಿತ್ತು, ಕೊನೆಗೆ ಮುಷ್ಟಿಗಾತ್ರದ ಕೋಸು ಉಳಿಯುತ್ತಿತ್ತು. ಕೊಳ್ಳಲು ಬಂದವರು ಅದನ್ನೂ ಮೂಸಿ ನೋಡಿ ಕೆಳಗಿಡುತ್ತಿದ್ದರು. ಮೆಣಸಿನ ಗಿಡಗಳು ಬೂದಿ ಬಿದ್ದ ಮೇಲೆ ಬಂದ ಮೊದಲ ಮಳೆಗೆ ಸುಟ್ಟವು. ಬೂದಿ ಒಂದೇ ಆದರೆ ಗಿಡ ಕೊಡವಿ ಉಳಿಸಿಕೊಳ್ಳಬಹುದು, ಅದರ ಮೇಲೆ ಸೋನೆ ಹಿಡಿದರೆ ಆಗದು. ಬೂದಿಯ ಜತೆ ಬರುವ ಗಂಧಕ ಮಳೆನೀರಿಗೆ ಸೇರಿ ಆಮ್ಲವಾಗುತ್ತದೆ ಎಂಬ ವಿವರಣೆ ನನಗೆ ಗೊತ್ತಿತ್ತು. ಆಕೆಗೆ ಗೊತ್ತಿದ್ದದ್ದು ಎಷ್ಟು ಹೊತ್ತಿನೊಳಗೆ ಗಿಡ ಕೊಡವಬೇಕು ಎಂಬುದು.

ಆ ಬೂದಿಯೇ ಆಮೇಲೆ ಗೊಬ್ಬರವಾಗುತ್ತದಲ್ಲ ಎಂದು ಕೇಳಿದೆ. ಎಲ್ಲ ಪ್ರವಾಸಿಗರೂ ಇದನ್ನೇ ಕೇಳುತ್ತಾರೇನೊ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗುತ್ತೆ. ನನ್ನ ಮೊಮ್ಮಕ್ಕಳಿಗೆ’ ಎಂದಳು.

ಇದಕ್ಕಿಂತ ನಿಖರವಾದ ಉತ್ತರ ಮಣ್ಣುವಿಜ್ಞಾನಿಯೂ ಕೊಡಲಾರ. ಹೊಸ ಬೂದಿ ಎಂದರೆ ಗಾಜಿನ ನುಣ್ಣನೆಯ ಚೂರು. ಅದು ಮಳೆಗಾಳಿಗೆ ಕರಗಿ ಪೊಟ್ಯಾಶ್, ಸುಣ್ಣ, ಮೆಗ್ನೀಸಿಯಂ ಬಿಟ್ಟುಕೊಡಲು ಕಾಲ ಹಿಡಿಯುತ್ತದೆ. ಕಾಲ ಕೂಡಿದ ಮೇಲೆ ಹುಟ್ಟುವ ಮಣ್ಣು ಮಾತ್ರ ಅಪರೂಪದ್ದು: ಹಗುರ, ಬೇರಿಗೆ ಸಲೀಸು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಿಡಮರಗಳ ಕೊಳೆತವನ್ನು ಬಿಡದೆ ಕಾಪಾಡಿಕೊಂಡು ಕಪ್ಪಾಗುತ್ತದೆ. ಅದಕ್ಕೊಂದು ಹಟವೂ ಇದೆ. ರಂಜಕವನ್ನು ಹಿಡಿದು ಬೇರಿಗೆ ಕೊಡದೆ ಕೂರುತ್ತದೆ. ಅದಕ್ಕೇ ಈ ರೈತರು ಕೋಳಿಗೊಬ್ಬರ, ಅಂಗಡಿಗೊಬ್ಬರ ಹಾಕಿಯೇ ಹಾಕುತ್ತಾರೆ. ಜ್ವಾಲಾಮುಖಿಯ ಮಣ್ಣು ಬಂಗಾರ, ಬೀಜ ಚೆಲ್ಲಿದರೆ ಸಾಕು ಎಂದು ಬರೆಯುವವರು ಈ ಹೆಂಗಸರ ಬೆನ್ನನ್ನೊಮ್ಮೆ ನೋಡಬೇಕು.

ಆಕೆಯ ಪಕ್ಕದಲ್ಲಿ ಸಾಂಬಾರ ಪದಾರ್ಥದವಳು. ಅವಳ ಬುಟ್ಟಿಯಲ್ಲಿ ಹಸಿರು ಕಾಳಿನ ಸಣ್ಣ ಗೊಂಚಲುಗಳಿದ್ದವು. ಅಂಡಲಿಮಾನ್ ಎಂದರು. ಒಂದು ಕಾಳು ಕಚ್ಚಿದೆ. ನಿಂಬೆಯ ಪರಿಮಳ, ಹಿಂದೆಯೇ ನಾಲಿಗೆ ಜುಮ್ಮೆಂದು ಮರಗಟ್ಟಿತು. ಈ ಜುಮ್ಮು ನನಗೆ ಹೊಸದಲ್ಲ. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಸಾರಿಗೆ ಹಾಕುವ ತೆಪ್ಪಳದ್ದು. ಎರಡೂ ಒಂದೇ ಕುಲದ ಗಿಡಗಳು, ದಾಯಾದಿಗಳು. ನಾನು ಕಾಳನ್ನು ಉಗುಳದೆ ನಗುತ್ತ ನಿಂತದ್ದಕ್ಕೆ ಆ ಸಾಲಿನ ಹೆಂಗಸರೆಲ್ಲ ಸಂತೋಷಪಟ್ಟರು. ಒಬ್ಬಳು ಬಾಳೆಯೆಲೆಯಲ್ಲಿ ಸುತ್ತಿದ ಚಿಂಪ ಕೊಟ್ಟಳು. ಅಕ್ಕಿಹಿಟ್ಟಿನೊಳಗೆ ತೆಂಗಿನಕಾಯಿ ಬೆಲ್ಲದ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು. ತಿಂದವರಿಗೆ ನಮ್ಮ ಕಡುಬಿನ ನೆನಪಾಗದೆ ಇರದು.

ಮರುದಿನ ನಸುಕಿನಲ್ಲಿ ಸಿಬಾಯಕ್ ಹತ್ತಿದೆ. 2,212 ಮೀಟರಿನ ಈ ಬೆಟ್ಟ ಕೊನೆಯ ಬಾರಿ ಸಿಡಿದದ್ದು 1881ರಲ್ಲಿ. ಹತ್ತುವುದು ಕಷ್ಟವಲ್ಲ. ಮೇಲೆ ಬಾಯಿಯ ಹತ್ತಿರ ಬಂದಾಗ ಮೊದಲು ಮೂಗಿಗೆ ಗಂಧಕ ಬಡಿಯುತ್ತದೆ, ಆಮೇಲೆ ಕಿವಿಗೆ ಸದ್ದು. ಬಂಡೆಯ ಬಿರುಕುಗಳಿಂದ ಹಬೆ ನುಗ್ಗುವ ಸದ್ದು ಒಂದೇ ಸಮನೆ, ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಬರುತ್ತದೆ. ಬಿರುಕಿನ ಅಂಚುಗಳಿಗೆ ಹಳದಿ ಹರಳು ಕಟ್ಟಿದೆ. ಬಾಯಿಯ ತಳದಲ್ಲಿ ಹತ್ತಿಬಂದವರು ಕಲ್ಲು ಜೋಡಿಸಿ ತಮ್ಮ ತಮ್ಮ ಹೆಸರು ಬರೆದಿದ್ದಾರೆ. ಬೇಡವಾಗಿತ್ತು ಅನ್ನಿಸಿತು. ನೆಲದ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಎದುರಿಗೆ, ಬೆಳಗಿನ ಮೋಡದ ಮೇಲೆ ಸಿನಾಬುಂಗ್. ಅದರ ಒಂದು ಮಗ್ಗುಲಲ್ಲಿ ಹಸಿರೇ ಇಲ್ಲದ ಬೂದುಬಣ್ಣದ ಅಗಲವಾದ ಪಟ್ಟಿ ತುದಿಯಿಂದ ಬುಡದವರೆಗೆ ಇಳಿದಿದೆ. ನೆತ್ತಿ ಮುರಿದ ಹಾಗೆ ಕಾಣುತ್ತದೆ. 2018ರ ಫೆಬ್ರವರಿ 19ರ ಸ್ಫೋಟದಲ್ಲಿ ನೆತ್ತಿಯ ತುಂಡೊಂದು ಹಾರಿಹೋದದ್ದು ಹಾಗೆ ಉಳಿದಿದೆ.

ಸಿಬಾಯಕ್‌ನ ಒಡಲ ಬಿಸಿಯಿಂದ ವಿದ್ಯುತ್ ತೆಗೆಯುವ ಸ್ಥಾವರ ಇಳಿಜಾರಿನಲ್ಲಿದೆ. ಅದರ ಕೆಳಗೆ ಬಿಸಿನೀರಿನ ಕೊಳಗಳು, ವಾರದ ಕೊನೆಗೆ ಮೇಡಾನ್‌ನಿಂದ ಬಂದ ಸಂಸಾರಗಳು ಕತ್ತಿನವರೆಗೆ ಮುಳುಗಿ ಕೂತಿರುತ್ತವೆ. ಇನ್ನೂ ಕೆಳಗೆ ಲಾವು ದೆಬುಕ್-ದೆಬುಕ್ ಎಂಬ ಬುಗ್ಗೆ. ಕಾರೊಗಳಲ್ಲಿ ಬಹುಪಾಲು ಜನ ಈಗ ಕ್ರೈಸ್ತರು, ಮುಸ್ಲಿಮರೂ ಇದ್ದಾರೆ. ಹಳೆಯ ನಂಬಿಕೆ ಬಿಡದವರು ಈ ಬುಗ್ಗೆಗೆ ಬಂದು ನಿಂಬೆಜಾತಿಯ ಹಣ್ಣು ಹಿಂಡಿದ ನೀರಿನಿಂದ ತಲೆ ತೊಳೆದುಕೊಂಡು ಹಿರಿಯರನ್ನು ನೆನೆಯುತ್ತಾರೆ. ಒಂದೇ ಬೆಟ್ಟದ ಬಿಸಿ ದೀಪ ಉರಿಸುತ್ತದೆ, ಮೈನೋವು ಕಳೆಯುತ್ತದೆ, ದೇವರೂ ಆಗುತ್ತದೆ.

ಲಿಂಗಾ ಹಳ್ಳಿಯಲ್ಲಿ ಹಳೆಯ ಕಾರೊ ಮನೆಗಳು ಉಳಿದಿವೆ, ಬಹಳ ಇಲ್ಲ. ‘ಸಿವಾಲು ಜಾಬು’, ಎಂಟು ಸಂಸಾರಗಳ ಮನೆ. ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಮರದ ಮನೆಗೆ ಮೊಳೆಯಿಲ್ಲ. ಹೊರಕ್ಕೆ ವಾಲಿದ ಹಲಗೆಗಳನ್ನು ಹಗ್ಗದಿಂದ ಹೆಣೆದಿದ್ದಾರೆ, ಹೆಣಿಗೆಯ ಚಿತ್ತಾರದಲ್ಲಿ ಹಲ್ಲಿಯ ಆಕಾರ. ಸೂರಿಗೆ ಬೈನೆಜಾತಿಯ ಮರದ ಕಪ್ಪು ನಾರು, ಸೂರಿನ ತುದಿಗೆ ಕೋಣದ ಕೊಂಬು. ಒಳಗೆ ಗೋಡೆಗಳಿಲ್ಲ. ಎರಡು ಸಂಸಾರಕ್ಕೊಂದರಂತೆ ನಾಲ್ಕು ಒಲೆ, ಹೊಗೆ ಹೋಗಲು ಕೊಳವೆಯಿಲ್ಲ. ಆ ಹೊಗೆಯೇ ನಾರನ್ನೂ ತೊಲೆಗಳನ್ನೂ ಹುಳುವಿನಿಂದ ಕಾಯುತ್ತದೆ. ಒಲೆ ಆರಿದ ಮನೆಗಳು ಬೇಗ ಬೀಳುತ್ತವಂತೆ. ಬಿದ್ದ ಒಂದೆರಡನ್ನು ಕಂಡೆ.

ಕಾರೊಗಳಲ್ಲಿ ಐದು ಕುಲಗಳಿವೆ: ಕಾರೊ-ಕಾರೊ, ಗಿಂಟಿಂಗ್, ತಾರಿಗಾನ್, ಸೆಂಬಿರಿಂಗ್, ಪೆರಾಂಗಿನ್-ಆಂಗಿನ್. ಸೆಂಬಿರಿಂಗ್ ಕುಲದ ಬಳಿಗಳ ಹೆಸರು ಕೇಳಿದರೆ ದಕ್ಷಿಣ ಭಾರತದವರು ತಿರುಗಿ ನೋಡಲೇಬೇಕು: ಚೋಲಿಯ, ಪಾಂಡಿಯ, ಬ್ರಹ್ಮಾಣ. ಇವರಲ್ಲಿ ಕೆಲವು ಬಳಿಯವರು ಹಿಂದೆ ಸತ್ತವರನ್ನು ಸುಟ್ಟು, ಬೂದಿಯನ್ನು ಪುಟ್ಟ ದೋಣಿಯಲ್ಲಿಟ್ಟು ಹೊಳೆಗೆ ಬಿಡುತ್ತಿದ್ದರು. ಕರ್ಪೂರ ಹುಡುಕಿಕೊಂಡು ಸುಮಾತ್ರಾದ ಪಶ್ಚಿಮ ಕರೆಗೆ ಬಂದ ನಮ್ಮ ಕಡೆಯ ವರ್ತಕರ ನೆರಳು ಇದರಲ್ಲಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಆ ಕರೆಯ ಬಾರುಸ್ ಬಂದರಿನ ಬಳಿ, ಲೋಬು ತುವಾದಲ್ಲಿ, 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಅದನ್ನು ಹಾಕಿಸಿದವರು ಐನೂರ್ವರು ಎಂಬ ವರ್ತಕ ಸಂಘದವರು, ನಮ್ಮ ಐಹೊಳೆಯ ಹೆಸರಿನಿಂದ ಅಯ್ಯಾವೊಳೆ ಐನೂರ್ವರೆಂದು ಕನ್ನಡ ಶಾಸನಗಳು ಹೊಗಳುವ ಸಂಘ. ಐಹೊಳೆಯ ಗುಡಿಗಳ ನಡುವೆ ನಿಂತಾಗ ನಾವು ಶಿಲ್ಪ ನೋಡುತ್ತೇವೆ, ವಾಸ್ತು ನೋಡುತ್ತೇವೆ. ಅದೇ ಊರಿನ ಹೆಸರು ಹೊತ್ತ ಜನ ಸಮುದ್ರದಾಚೆಯ ಕಾಡುದ್ವೀಪದಲ್ಲಿ ಹಡಗಿಗಿಷ್ಟು ಸುಂಕ ಎಂದು ಕಲ್ಲಿನಲ್ಲಿ ಬರೆಸಿದ್ದನ್ನು ನಮ್ಮ ಮಕ್ಕಳಿಗೆ ಯಾರು ಹೇಳುತ್ತಿದ್ದಾರೆ?

ಲಿಂಗಾದಿಂದ ತೋಬಾ ಸರೋವರದ ಕಡೆ ಹೊರಟೆವು. ಸಿಪಿಸೊ-ಪಿಸೊ ಎಂಬಲ್ಲಿ ಸುಮಾರು 120 ಮೀಟರ್ ಎತ್ತರದ ಅಬ್ಬಿ. ಮೇಲಿನ ಹೊಲಗಳ ನೆಲದಡಿಯಲ್ಲಿ ಹರಿದುಬಂದ ನೀರು ಅಂಚಿನ ಗೋಡೆಯ ಗುಹೆಯೊಂದರಿಂದ ಒಮ್ಮೆಗೇ ನೆಗೆಯುತ್ತದೆ. ಅಂಚಿನಾಚೆ ನೀಲಿ. ಆ ನೀಲಿಗೆ ಕೊನೆ ಕಾಣುವುದಿಲ್ಲ. ನೂರು ಕಿಲೋಮೀಟರ್ ಉದ್ದ, ಮೂವತ್ತು ಕಿಲೋಮೀಟರ್ ಅಗಲದ ಈ ಸರೋವರ ನಿಂತಿರುವುದು ಒಂದು ಜ್ವಾಲಾಮುಖಿಯ ಕುಸಿದ ಬಾಯಲ್ಲಿ. ಸುಮಾರು 74,000 ವರ್ಷಗಳ ಹಿಂದೆ ಅದು ಸಿಡಿಯಿತು. ಕಳೆದ ಇಪ್ಪತ್ತು ಲಕ್ಷ ವರ್ಷಗಳಲ್ಲಿ ಭೂಮಿ ಕಂಡ ಅತಿದೊಡ್ಡ ಸ್ಫೋಟಗಳಲ್ಲಿ ಅದೊಂದು. ನಾನು ನಿಂತ ಅಂಚು, ಹೊಲಗಳ ಕೆಳಗಿನ ಬಿಳಿಯ ಮೆತುಕಲ್ಲು, ರಸ್ತೆ ಕಡಿದಲ್ಲಿ ಕಾಣುವ ಗೋಡೆ, ಬಹುಮಟ್ಟಿಗೆ ಆ ಸ್ಫೋಟದ ಬೂದಿ ಬಿದ್ದು ಆದದ್ದು.

ಆ ಬೂದಿ ಇಲ್ಲೇ ಉಳಿಯಲಿಲ್ಲ. ಗಾಳಿ ಹಿಡಿದು ಬಂಗಾಳಕೊಲ್ಲಿ ದಾಟಿ ನಮ್ಮ ನೆಲಕ್ಕೂ ಬಂತು. ನಮ್ಮ ಬಳ್ಳಾರಿಯಿಂದ ಪೂರ್ವಕ್ಕೆ, ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ ತೋಬಾದ ಬೂದಿ ಹಾಸು ಹಾಸಾಗಿ ಕೂತಿದೆ. ಎರಡೂವರೆ ಸಾವಿರ ಕಿಲೋಮೀಟರ್ ದೂರದ ಬೂದಿ, ಹೊಳೆಯ ಬಯಲಿನಲ್ಲಿ ಮಳೆನೀರು ತಂದು ಒಟ್ಟಿದ್ದರಿಂದ ಕೆಲವೆಡೆ ಆಳಿನೆತ್ತರವನ್ನೂ ಮೀರಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಲಿಯಾ ಅವರ ತಂಡ ಅಲ್ಲಿ ಅಗೆದು, 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತಾವು ಕಂಡದ್ದನ್ನು ಪ್ರಕಟಿಸಿತು. ಬೂದಿಯ ಪದರದ ಕೆಳಗೆ ಕಲ್ಲಿನ ಆಯುಧಗಳಿದ್ದವು. ಪದರದ ಮೇಲೂ ಕಲ್ಲಿನ ಆಯುಧಗಳಿದ್ದವು, ಮಾಡಿದ ರೀತಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದೆ. ಅಂಥ ಬೂದಿ ಬಿದ್ದ ಮೇಲೂ ಮನುಷ್ಯರು ಆ ಕಣಿವೆಯಲ್ಲಿ ಉಳಿದರು ಎಂಬುದು ಅವರ ವಾದ. ಒಪ್ಪದ ವಿಜ್ಞಾನಿಗಳೂ ಇದ್ದಾರೆ. ನನ್ನ ಮನಸ್ಸು ಮಾತ್ರ ಕೋರಿಶೆಟ್ಟರ್ ಅವರ ಕಡೆಗೇ ವಾಲುತ್ತದೆ, ಬಹುಶಃ ಬೆರಸ್ತಾಗಿಯ ಆ ನಂದೆಯನ್ನು ಕಂಡದ್ದರಿಂದ. ಇನ್ನೊಂದು ವಿಷಯ: ಜ್ವಾಲಾಪುರದಲ್ಲಿ ಆ ಬೂದಿ ಕಣ್ಣಿಗೆ ಬೀಳುವಂತಾದದ್ದು ಊರವರು ಅದನ್ನು ಅಗೆದು ಮಾರುತ್ತಿದ್ದ ಕಾರಣಕ್ಕೆ. ತೋಬಾದ ಪ್ರಳಯವೂ ಕೊನೆಗೆ ತೂಕಕ್ಕೆ ಹತ್ತಿತು.

ವಾಪಸು ಬರುವಾಗ ತಂಬಿ ಮುಖ್ಯರಸ್ತೆ ಬಿಟ್ಟು ಸಿಯೊಸಾರ್‌ಗೆ ಗಾಡಿ ತಿರುಗಿಸಿದ. ನಾನೇ ಕೇಳಿಕೊಂಡಿದ್ದೆ. ಸಿನಾಬುಂಗ್‌ನ ಮಗ್ಗುಲಲ್ಲಿದ್ದ ಸುಕಮೆರಿಯಾ, ಬೆಕೆರಾ, ಸಿಮಾಚೆಮ್ ಹಳ್ಳಿಗಳವರನ್ನು ಸರ್ಕಾರ ಕಾಡು ಕಡಿದು ಕಟ್ಟಿಕೊಟ್ಟ ಈ ಎತ್ತರದ ಊರಿಗೆ ತಂದು ನೆಲೆ ನಿಲ್ಲಿಸಿತು. ಅಲ್ಲಿಯವರೆಗೆ ಆ ಜನ ವರ್ಷಗಟ್ಟಲೆ ಚರ್ಚುಗಳ, ಸಭಾಂಗಣಗಳ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ಒಂದೇ ಅಳತೆಯ, ಒಂದೇ ಆಕಾರದ ಮನೆಗಳು ಸಾಲಾಗಿ ನಿಂತಿವೆ. ಸಂಸಾರಕ್ಕೆ ಅರ್ಧ ಹೆಕ್ಟೇರ್ ಜಮೀನು. ಮನೆಗಳ ಅಂಗಳದಲ್ಲಿ ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ: ಕೆಲವರದು ಹೂವು, ಕೆಲವರದು ಈರುಳ್ಳಿಸೊಪ್ಪು, ಕೆಲವರದು ಕಾಫಿಗಿಡ.

‘ಬೇರೆಲ್ಲಾದರೂ ಹೋಗಬಾರದೆ’ ಎಂದು ಕೇಳುವವರಿಗೆ ಉತ್ತರವಾಗಿ ಇಲ್ಲಿನ ಜನ ಬೇರೆಡೆಗೆ ಬಂದೇ ಇದ್ದಾರೆ. ಹೊಸ ನೆಲದ ತಣ್ಣನೆ ಗಾಳಿಗೆ ಹಳೆಯ ಬೆಳೆಗಳೆಲ್ಲ ಒಗ್ಗಲಿಲ್ಲ, ಕಾಡುಹಂದಿ ಬರುತ್ತದೆ, ಮಕ್ಕಳು ದೊಡ್ಡವರಾದರೆ ಅರ್ಧ ಹೆಕ್ಟೇರನ್ನು ಹಂಚುವುದು ಹೇಗೆ ಎಂಬ ಚಿಂತೆ. ಇದನ್ನೆಲ್ಲ ನನಗೆ ಹೇಳಿದವರು ಆಲೂಗೆಡ್ಡೆ ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದ ಗಂಡಹೆಂಡತಿ. ಹಳೆಯ ಊರಿನ ಬಗ್ಗೆ ಅವರಾಗಿ ಏನೂ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಹೊಲದ ಅಂಚಿನಲ್ಲಿ ಗಿಡಗಳ ಎಲೆ ಕಪ್ಪಾಗಿ ಮುದುಡಿರುವುದು ಕಣ್ಣಿಗೆ ಬಿತ್ತು. ಕೇಳದೆ ಇರಲಾಗಲಿಲ್ಲ.

‘ಅಂಗಮಾರಿ ಅಲ್ಲವಾ ಇದು?’ ಎಂದು ತಂಬಿಗೆ ಹೇಳಿದೆ. ಅವನಿಗೆ ಆ ರೋಗದ ಹೆಸರು ತಮಿಳಿನಲ್ಲೂ ಗೊತ್ತಿರಲಿಲ್ಲ. ಎಲೆ ಕಿತ್ತು ಹಿಂಭಾಗದ ಬಿಳಿ ಬೂಷ್ಟನ್ನು ತೋರಿಸಿದೆ. ಗಂಡ ಔಷಧಿಯ ಕ್ಯಾನು ಕೆಳಗಿಳಿಸಿ ಹತ್ತಿರ ಬಂದ. ‘ನಿಮ್ಮಲ್ಲೂ ಉಂಟಾ? ಏನು ಹೊಡೀತೀರಿ?’

ಹಾಸನದಲ್ಲಿರುವ ಚಿಕ್ಕಪ್ಪನ ಮಗನಿಗೆ ಅಲ್ಲಿಂದಲೇ ಫೋನು ಹಚ್ಚಿದೆ. ‘ಮ್ಯಾಂಕೋಜೆಬ್ ಅಂತ ಹೇಳು’ ಎಂದ ಅವನು, ‘ಬರೋಕೆ ಮುಂಚೆನೇ ಹೊಡೀಬೇಕು, ಬಂದ ಮೇಲೆ ಪ್ರಯೋಜನ ಇಲ್ಲ ಅಂತಲೂ ಹೇಳು. ಅವರ ಬಿತ್ತನೆ ಗೆಡ್ಡೆ ಎಲ್ಲಿಂದ ಬರುತ್ತಂತೆ ಕೇಳು. ಮೋಡ ಹಿಡಿದಿದೆಯಾ ಅಲ್ಲಿ?’ ಕನ್ನಡ ತಮಿಳಾಯಿತು, ತಮಿಳು ಅವರ ಮಾತಾಯಿತು. ಔಷಧಿಯ ಹೆಸರು ಮಾತ್ರ ಯಾವ ಭಾಷೆಗೂ ಬದಲಾಗದೆ ನೇರ ತಲುಪಿತು. ಆತ ಕ್ಯಾನಿನ ಪಕ್ಕದಲ್ಲಿದ್ದ ಪೊಟ್ಟಣ ಎತ್ತಿ ತೋರಿಸಿದ. ಅದೇ. ಹೆಂಡತಿ ಮುಂದಕ್ಕೆ ಬಂದು ತಂಬಿಗೆ ಏನೋ ಬೇಗಬೇಗ ಹೇಳಿದಳು.

‘ಅಕ್ಕಾ, ಇವರು ಕೇಳ್ತಿರೋದು, ನಿಮ್ಮ ಹಾಸನದಲ್ಲಿ ಕಿಲೋಗೆ ಎಷ್ಟು ಸಿಗುತ್ತೆ? ಅಂಗಡಿಯ ಬೆಲೆ ಅಲ್ಲ, ಬೆಳೆದವರ ಕೈಗೆ ಎಷ್ಟು?’

ಫೋನಿನಲ್ಲಿದ್ದ ತಮ್ಮನಿಗೆ ಅದನ್ನು ಕೇಳಿದೆ, ಅವನು ಬೆಲೆ ಹೇಳಿದ. ರೂಪಾಯಿಯಿಂದ ರುಪಿಯಾಕ್ಕೆ ಲೆಕ್ಕ ಹಾಕಿ ತಂಬಿ ಅವರಿಗೆ ತಿಳಿಸಿದ. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಆಕೆ, ‘ಅಷ್ಟಕ್ಕೇ ಕೊಟ್ಟುಬಿಡುತ್ತಾರಾ? ಸ್ವಲ್ಪ ದಿನ ಇಟ್ಟುಕೊಳ್ಳೋಕೆ ಹೇಳಿ’ ಎಂದಳು.

‘ಎಲ್ಲಿ ಇಟ್ಟುಕೊಳ್ಳೋದು, ಶೀತಲಗೃಹದ ಬಾಡಿಗೆ ಕೊಡೋರು ಯಾರು ಅಂತ ಕೇಳಕ್ಕಾ’ ಎಂದು ಹಾಸನದಿಂದ ಅವನು ಶುರುಮಾಡಿದ. ತಂಬಿಯೂ ನಾನೂ ನಡುವೆ ನಿಂತು ಎರಡೂ ಕಡೆಯ ಮಾತನ್ನು ದಾಟಿಸುತ್ತ ಹೋದೆವು. ನಾನು ಫೋನನ್ನು ಅವರ ಮಧ್ಯೆ ಹಿಡಿದು ನಿಂತೆ.